ಕುಂಕುಮ ಬಣ್ಣದ ಜೀಪಿನ ಯಜಮಾನ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳುವವರು ಬಹಳ ಮಂದಿ. ಅವರು ಒಂದೇ ಒಂದು ದಿನ, ತಮ್ಮ ದುಡ್ಡು ಸುರಿದು ಮಾಡಿಸಿದ ತಮ್ಮ ಜೀಪಿಗೆ ಇನ್ನೊಬ್ಬನ ಡ್ರೈವರ್ ಆಗಿ ನೋಡಲಿ. ಆಮೇಲೆ ಬಂದು ಬುದ್ಧಿ ಹೇಳಲಿ. ಮುಂಬೈ ಪಕ್ಕದ ಕಲ್ಯಾಣದ ಜೋಳದ ವ್ಯಾಪಾರಿ ವಿರುಪಾಕ್ಷಪ್ಪ ಎಂಟು ವರ್ಷ ಡೊಂಬಿವಲಿಯ ಹೋಟೆಲಿನ ತಾರಾನಾಥ ಶೆಟ್ಟಿಯ ಡ್ರೈವರ್ ಆಗಿದ್ದ. ಪಗಾರವಿಲ್ಲದ, ರಜೆಯಿಲ್ಲದ, ಬಿಡುವ ಹಾಗೂ ಇಲ್ಲದ ನೌಕರಿ. ಶೆಟ್ಟಿ ಹೋದ. ಶೆಟ್ಟಿಯ ಬೀಗರ ಕಣ್ಣಿನಲ್ಲಿ ವಿರುಪಾಕ್ಷಪ್ಪ ಇವತ್ತಿಗೂ ಡ್ರೈವರೇ. ಇದನ್ನು ನುಂಗು ಅಂದರೆ ಯಾವ ಗಂಟಲಲ್ಲಿ ನುಂಗಬೇಕು?

ವಿರುಪಾಕ್ಷಪ್ಪ ಬಾಗಲಕೋಟೆ ಕಡೆಯವನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟು, ಮೀಸೆ ಮೂಡುವ ಮೊದಲೇ ಕಲ್ಯಾಣಕ್ಕೆ ಬಂದು, ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು, ಆಮೇಲೆ ಅದೇ ಮಾರ್ಕೆಟ್ಟಿನಲ್ಲಿ ಅಂಗಡಿ ಹಾಕಿದವನು. ಊರಿನ ಜೋಳ, ಕೆಂಪು ಮೆಣಸಿನಕಾಯಿ, ಬೆಲ್ಲ. ಕಲ್ಲಿನ ಖಣಿಗಳಲ್ಲಿ, ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಊರ ಕಡೆಯ ಜನ ರೊಟ್ಟಿ ಬಿಟ್ಟು ಬದುಕುವವರಲ್ಲ, ಹಾಗಾಗಿ ಅಂಗಡಿ ನಡೆಯಿತು. ಸಿಟ್ಟು ಮಾತ್ರ ಅವನ ಜೊತೆಯಲ್ಲೇ ಹುಟ್ಟಿದ್ದು. ತಕ್ಕಡಿ ಸ್ವಲ್ಪ ವಾಲಿದೆ ಎಂದು ಗಿರಾಕಿ ಅಂದರೆ ಸಾಕು, ಜೋಳವನ್ನು ಚೀಲಕ್ಕೆ ವಾಪಸು ಸುರಿದು, "ನಡಿ ಮುಂದ, ನಿನಗ ಮಾರಂಗಿಲ್ಲ" ಅನ್ನುವ ಆಸಾಮಿ.

ಜೀಪಿನ ಹುಚ್ಚು ಹಿಡಿದದ್ದು ಒಂದು ಮಳೆಗಾಲದಲ್ಲಿ. ಸ್ಟೇಶನ್ನಿನ ಹೊರಗೆ ಮೊಣಕಾಲುದ್ದ ನೀರು. ಸೇಠರ ಕಾರುಗಳೆಲ್ಲ ಹೊಂಡಕ್ಕಿಳಿದ ಎಮ್ಮೆಗಳ ಹಾಗೆ ನೀರಿನಲ್ಲಿ ನಿಂತುಬಿಟ್ಟಿದ್ದವು. ಆಗ ಹಿಂದಿನಿಂದ ಒಂದು ಮಿಲಿಟರಿ ಜೀಪು ಬಂತು. ಹಾರ್ನ್ ಕೂಡ ಹಾಕದೆ, ನೀರು ಸೀಳಿಕೊಂಡು, ವಿರುಪಾಕ್ಷಪ್ಪನಿಗೆ ತಲೆಯಿಂದ ಕಾಲಿನವರೆಗೆ ರಾಡಿ ಎರಚಿ ಹೋಯಿತು. ಅವನು ಅದರ ಅಪ್ಪನಿಂದ ಹಿಡಿದು ಅಜ್ಜನವರೆಗೆ ಬೈದ. ಬೈಯುತ್ತಲೇ ಅದರ ಹಿಂದೆ ಓಡಿದ, ಗಾಲಿ ಹೇಗಿವೆ ನೋಡಲು.

ಎಪ್ಪತ್ತೈದರಲ್ಲಿ ಉಲ್ಹಾಸನಗರದ ಗುಜರಿ ವ್ಯಾಪಾರಿಯೊಬ್ಬನ ಹತ್ತಿರ ಅಂಥದ್ದೇ ಒಂದು ಸಿಕ್ಕಿತು. ಮಿಲಿಟರಿ ಹರಾಜಿನಲ್ಲಿ ಬಂದದ್ದು. ಬಾಗಿಲಿಲ್ಲ, ಮೇಲೆ ಹುಡ್ ಇಲ್ಲ, ಕಾಲಿಟ್ಟರೆ ಕೆಳಗೆ ರಸ್ತೆ ಕಾಣುತ್ತಿತ್ತು. ಟೆಂಪೋದ ಹಿಂದೆ ಕಟ್ಟಿ ಎಳೆದು ತಂದು ಚಾಳಿನ ಮುಂದೆ ನಿಲ್ಲಿಸಿದಾಗ ಹೆಂಡತಿ ಪಾರವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದನ್ಯಾಕ ತಂದ್ರಿ? ಮ್ಯಾಲೆ ಕುಂಬಳ ಬಳ್ಳಿ ಹಬ್ಬಸಾಕೇನು?"

"ಬಾಯಿ ಮುಚ್ಚು. ಇದರಾಗ ನಿನ್ನ ರಾಣಿ ಹಂಗ ಕುಂದ್ರಸ್ತೀನಿ."

"ಮನ್ಯಾಗ ಕುಂದ್ರಾಕ ಒಂದು ಕುರ್ಚಿ ಇಲ್ಲ. ರಾಣಿಯಂತ ರಾಣಿ!"

ಎರಡು ವರ್ಷದ ಭಾನುವಾರಗಳೆಲ್ಲ ಆ ಜೀಪಿಗೆ ಹೋದವು. ಉಲ್ಹಾಸನಗರದ ಗಲ್ಲಿಗಳಲ್ಲಿ ಸಿಗದ ಸಾಮಾನಿಲ್ಲ, ಮಾಡದ ಕೆಲಸವಿಲ್ಲ. ಮೊದಲು ಡೀಸೆಲ್ ಎಂಜಿನ್ ಕೂರಿಸಿದ್ದಾಯಿತು. ಬಟ್ಟೆಯ ಹುಡ್ ಬೇಡವೆಂದು ತಗಡಿನ ಗಟ್ಟಿ ಮೇಲ್ಮಾಡು, ಸರಿಸುವ ಗಾಜಿನ ಕಿಟಕಿ. ಸೀಟು ಮಾಡುವವನು ಮೊದಲ ಸಲ ತೆಂಗಿನ ನಾರು ತುಂಬಿ ಮೇಲೆ ರೆಕ್ಸಿನ್ ಹೊಲಿದು ಮೋಸ ಮಾಡಲು ನೋಡಿದ. ವಿರುಪಾಕ್ಷಪ್ಪ ಕೂತು ನೋಡಿದ, ಎದ್ದ, ಸೀಟನ್ನು ಎತ್ತಿ ಅವನ ಅಂಗಡಿಯ ಮುಂದಿನ ಗಟಾರಕ್ಕೆ ಎಸೆದ. ಎರಡನೇ ಸಲ ಫೋಮ್ ಬಂತು, ಕೂತರೆ ಬೆರಳುದ್ದ ಒಳಗೆ ಹೋಗುವಂಥದ್ದು. ಕಾಲಡಿಗೆ ಗಾಲೀಚ, ಗಾಜಿಗೆ ಗೊಂಡೆಯ ಪರದೆ, ಮುಂದೆ ಮಂಜಿಗೆಂದು ಎರಡು ಹಳದಿ ದೀಪ, ಹಡಗಿನಿಂದ ಇಳಿದ ಕಳ್ಳಮಾಲಿನ ಕ್ಯಾಸೆಟ್ ಟೇಪು, ಅಂಗೈ ಅಗಲದ ಫ್ಯಾನು. ಎದುರಿಗೆ ಹಿತ್ತಾಳೆಯ ಪುಟ್ಟ ಬಸವಣ್ಣ. ಸಿಂಧಿ ಮಿಸ್ತ್ರಿ ತಲೆಗೆ ಕೈಹಚ್ಚಿ ಕೇಳಿದ್ದ: "ಸೇಠ್, ಗಾಡಿ ಬನಾ ರಹೇ ಹೋ ಯಾ ದುಲ್ಹನ್?" ಗಾಡಿ ಮಾಡಿಸುತ್ತಿದ್ದೀಯೋ, ಮದುಮಗಳನ್ನು ಸಿಂಗರಿಸುತ್ತಿದ್ದೀಯೋ ಎಂದು.

ಬಣ್ಣ ಯಾವುದು ಎಂಬ ಜಗಳವನ್ನು ಬಗೆಹರಿಸಿದವಳು ತಾರಾನಾಥ ಶೆಟ್ಟಿಯ ಮಗಳು ನಳಿನಾಕ್ಷಿ. ಶೆಟ್ಟಿಯ ಹೋಟೆಲಿಗೆ ಮೆಣಸಿನಕಾಯಿ, ಬೆಲ್ಲ ಹಾಕುತ್ತಿದ್ದುದು ವಿರುಪಾಕ್ಷಪ್ಪನೇ. ವಾರಕ್ಕೊಮ್ಮೆ ಹೋದರೆ ಆ ಹುಡುಗಿ, "ಕಾಕಾ, ಬಂದ್ರಾ?" ಎಂದು ಓಡಿ ಬರುತ್ತಿದ್ದಳು. ಮಕ್ಕಳಿಲ್ಲದ ಮನುಷ್ಯ, ಆ ಒಂದು ಮಾತಿಗೆ ಬೆಲ್ಲದ ಚೂರಿನಂತೆ ಕರಗುತ್ತಿದ್ದ. "ಕುಂಕುಮದ ಬಣ್ಣ ಹೊಡೆಸಿ ಕಾಕಾ" ಅಂದಳು. ಹೊಡೆಸಿದ.

ಕಲ್ಯಾಣ, ಡೊಂಬಿವಲಿಯ ಕನ್ನಡದವರೆಲ್ಲ ಅದಕ್ಕೆ ವಿರುಪಾಕ್ಷಪ್ಪನ ಸಂಸ್ಥಾನ ಎಂದು ಹೆಸರಿಟ್ಟರು. ಮದುವೆ, ಸೀಮಂತ ಏನೇ ಇದ್ದರೂ ಸಂಸ್ಥಾನ ಬೇಕು. ಕೇಳಿದವರಿಗೆ ಅವನು ಇಲ್ಲ ಅನ್ನುತ್ತಿರಲಿಲ್ಲ, ಆದರೆ ಸ್ಟಿಯರಿಂಗಿನ ಚಕ್ರವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಅದಕ್ಕೆ ಜಿಪುಣತನ ಕಾರಣವಲ್ಲ. ಅವನ ಊರ ಕಡೆ ಮದುಮಗನನ್ನೋ ಬೀಗರನ್ನೋ ಕರೆತರುವ ಗಾಡಿಯ ಹಗ್ಗವನ್ನು ಯಜಮಾನನೇ ಹಿಡಿಯಬೇಕು. ಆಳಿನ ಕೈಗೆ ಹಗ್ಗ ಕೊಟ್ಟು ಕಳಿಸಿದರೆ ಬಂದವರಿಗೆ ಅವಮಾನ. ಅಂಥ ಗಾಡಿ ಹತ್ತದೆ ತಿರುಗಿ ಹೋದ ಬೀಗರೂ ಇದ್ದಾರೆ. ಮುಂದೆ ಕೂತು ಹಗ್ಗ ಹಿಡಿದವನೇ ದೊಡ್ಡವನು ಎಂದು ಹುಟ್ಟಿನಿಂದ ಕಂಡುಕೊಂಡವನಿಗೆ, ಈ ಮುಂಬೈಯಲ್ಲಿ ಹಿಂದೆ ಕಾಲು ಚಾಚಿ ಕೂತವನೇ ಧಣಿ, ಚಕ್ರ ಹಿಡಿದವನು ಆಳು ಎಂಬುದು ಹೊಳೆಯಲೇ ಇಲ್ಲ. ಹೊಳೆದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ.

ಎಪ್ಪತ್ತೆಂಟರ ಜುಲೈ ತಿಂಗಳು. ತಾರಾನಾಥ ಶೆಟ್ಟಿ ಒದ್ದೆ ಕೊಡೆ ಮಡಚುತ್ತ ಅಂಗಡಿಗೆ ಬಂದ. ತಾನಾಗಿ ಕಲ್ಯಾಣಕ್ಕೆ ಬಂದವನೇ ಅಲ್ಲ ಅವನು.

"ವಿರುಪಾಕ್ಷಪ್ಪನವರೇ, ಒಂದು ಉಪಕಾರ ಆಗ್ಬೇಕಿತ್ತು ಮಾರಾಯ್ರೆ. ನಳಿನಾಕ್ಷಿಯನ್ನು ನೋಡ್ಲಿಕ್ಕೆ ಬರ್ತಾರೆ. ಹುಡುಗ ಮುರಾರಿ ಅಂತ, ಮಸ್ಕತ್ತಿನಲ್ಲಿದ್ದಾನೆ. ಅವನ ಸೋದರಮಾವ ಜಯಶೀಲ ಹೆಗ್ಡೆ, ಚೆಂಬೂರಿನಲ್ಲಿ ಎರಡು ಹೋಟೆಲು. ಮಾವ ಹೂಂ ಅಂದ್ರೆ ಆಯ್ತು."

"ಭಾಳ ಛಲೋ ಆತು. ಬರಲಿ."

"ಬರುವುದು ಹೇಗೆ? ನಮ್ಮ ಡೊಂಬಿವಲಿ ರಸ್ತೆ ನಿಮಗೆ ಗೊತ್ತುಂಟಲ್ಲ, ಟ್ಯಾಕ್ಸಿಯವ ಹೆಸರು ಕೇಳಿದ್ರೆ ಓಡಿ ಹೋಗ್ತಾನೆ. ಮಳೆ ನಿಲ್ಲಲಿ ಅಂದ್ರೆ, ಇನ್ನು ನಾಲ್ಕು ದಿನಕ್ಕೆ ಆಟಿ ತಿಂಗಳು ಶುರು. ಆಟಿಯಲ್ಲಿ ನಮ್ಮವರು ಇಂಥ ಮಾತು ಎತ್ತುವುದಿಲ್ಲ. ಅದು ಮುಗಿಯುವುದರೊಳಗೆ ಹುಡುಗನ ರಜೆ ಮುಗಿದಿರ್ತದೆ. ಮೊದಲೇ ಎರಡು ಸಂಬಂಧ ತಪ್ಪಿ ಹೋಗಿದೆ..."

"ಇಷ್ಟಕ್ಕ ಯಾಕ ಅಳ್ತೀರಿ ಶೆಟ್ರ? ಮಗಳು ನಿಮಗೊಬ್ಬರಿಗ ಏನು? ನಾನ ಹೋಗಿ ಕರ್ಕೊಂಡು ಬರ್ತೀನಿ."

ನಾನೇ ಹೋಗಿ ಕರೆತರುತ್ತೇನೆ ಅಂದದ್ದು ಅವನು ಆ ಮನೆಗೆ ಕೊಟ್ಟ ಮರ್ಯಾದೆ. ಗೊತ್ತಾದ ದಿನ ಬೆಳಿಗ್ಗೆ ಗಾಡಿ ತೊಳೆದು, ಬಸವಣ್ಣನಿಗೆ ಹೂವಿಟ್ಟು, ಗಾಲಿಗೆ ನಿಂಬೆಹಣ್ಣು ಕೊಟ್ಟು ಹೊರಟ. ಶೆಟ್ಟಿಯೂ ಜೊತೆಗೆ ಬಂದ. ಚೆಂಬೂರಿನಲ್ಲಿ ಹೆಗ್ಡೆ, ಹುಡುಗ ಮುರಾರಿ, ಇನ್ನಿಬ್ಬರು ಹೆಂಗಸರು ಹತ್ತಿದರು. ಶೆಟ್ಟಿ ಬೀಗರ ಜೊತೆ ಹಿಂದಿನ ಸೀಟಿನಲ್ಲೇ ಕೂತ. ಮುಂದೆ ವಿರುಪಾಕ್ಷಪ್ಪ ಒಬ್ಬನೇ, ತಲೆಗೆ ರುಮಾಲು, ಮೈಗೆ ಇಸ್ತ್ರಿ ಮಾಡಿದ ಅಂಗಿ.

ಠಾಣೆ ಊರು ದಾಟುವ ತನಕ ಕನ್ನಡದಲ್ಲಿ ಮಾತು. ಮುಂಬ್ರಾದ ಗುಡ್ಡ ಹತ್ತಿರವಾದಾಗ ಹೆಗ್ಡೆ ಸೀಟನ್ನು ಅಂಗೈಯಿಂದ ಒತ್ತಿ ನೋಡುತ್ತ ತುಳುವಿನಲ್ಲಿ ಕೇಳಿದ: ಗಾಡಿ ಭಾರಿ ಉಂಟಲ್ಲ ಶೆಟ್ರೆ, ಯಾರದ್ದು?

ಶೆಟ್ಟಿಯೂ ತುಳುವಿನಲ್ಲೇ ಉತ್ತರ ಕೊಟ್ಟ: ನಮ್ಮದೇ. ಸೀಟು, ಪರದೆ, ಟೇಪು, ಎಲ್ಲ ನಾನೇ ಉಲ್ಹಾಸನಗರದಲ್ಲಿ ನಿಂತು ಮಾಡಿಸಿದ್ದು.

ಹತ್ತು ವರ್ಷ ಶೆಟ್ಟಿಯ ಅಡಿಗೆಮನೆಯ ಬಾಗಿಲಲ್ಲಿ ಚೀಲ ಇಳಿಸಿದವನಿಗೆ ತುಳು ಮಾತಾಡಲು ಬಾರದಿದ್ದರೂ ತಿಳಿಯದೆ ಇರುತ್ತದೆಯೇ? ಅದು ಶೆಟ್ಟಿಗೆ ಹೊಳೆಯಲಿಲ್ಲ. ಹೆಗ್ಡೆ ಮತ್ತೆ ಕೇಳಿದ: ಡ್ರೈವರ್ ಎಲ್ಲಿಯವನು? ಘಟ್ಟದ ಮೇಲಿನವ, ಅಂದ ಶೆಟ್ಟಿ. ಸ್ವಲ್ಪ ಮುಂಗೋಪಿ. ಆದರೆ ಪ್ರಾಮಾಣಿಕ.

ಪ್ರಾಮಾಣಿಕ! ಆ ಒಂದು ಮಾತೇ ಹೆಚ್ಚು ಉರಿಯಿತು. ಕಳ್ಳ ಅಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ವಿರುಪಾಕ್ಷಪ್ಪ ಬ್ರೇಕಿನ ಮೇಲೆ ನಿಂತುಬಿಟ್ಟ. ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಮಳೆಗೆ ಇಳಿದು ಮುಂದೆ ಹೋಗಿ ಬಾನೆಟ್ ಎತ್ತಿದ. ಎಲ್ಲರನ್ನೂ ಇಳಿಸಿ, ಗುಡ್ಡದ ನೀರಿನಲ್ಲಿ ನಡೆದುಕೊಂಡು ಹೋಗಲು ಬಿಡುವುದೇ ಸರಿ ಎಂದು ತೀರ್ಮಾನಿಸಿಬಿಟ್ಟಿದ್ದ. ಶೆಟ್ಟಿ ಕೊಡೆ ಹಿಡಿದು ಓಡಿ ಬಂದ. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಇಬ್ಬರೂ ನಿಂತರು.

"ಗಾಡಿ ಯಾರದ್ರಿ ಶೆಟ್ರ?"

ಶೆಟ್ಟಿ ಕೊಡೆಯನ್ನು ಅವನ ತಲೆಯ ಮೇಲೆ ಸರಿಸಿದ. "ನಿಮ್ಮದು."

"ಅಲ್ಲಿ ಹೋಗಿ ಹೇಳ್ರಿ."

"ಬಾಯಿ ತಪ್ಪಿ ಬಂತು ಮಾರಾಯ್ರೆ. ಈಗ ತಿದ್ದಿದ್ರೆ ನಾನು ಸುಳ್ಳುಗಾರ ಆಗ್ತೇನೆ. ಸುಳ್ಳುಗಾರನ ಮಗಳನ್ನು ಯಾರು ತಗೊಳ್ತಾರೆ? ನಿಮ್ಮ ಕಾಲಿಗೆ ಬೀಳ್ತೇನೆ, ಇವತ್ತೊಂದು ದಿನ ಸುಮ್ಮನಿರಿ."

"ಸುಮ್ಮನಿದ್ರ ನನಗೇನು?"

"ಮಾತು ಕೊಡ್ತೇನೆ. ಮದುವೆಯ ಚಪ್ಪರದಲ್ಲಿ, ಹೆಗ್ಡೆಯವರ ಎದುರು ನಿಮ್ಮ ಕೈ ಹಿಡಿದು ನಾನೇ ಹೇಳ್ತೇನೆ. ಗಾಡಿ ಇವರದ್ದು, ಇವರು ನನಗೆ ಅಣ್ಣನ ಹಾಗೆ ಅಂತ. ನನ್ನ ಮಗಳ ಆಣೆ."

ಮಗಳ ಆಣೆ ಅಂದ ಮೇಲೆ ವಿರುಪಾಕ್ಷಪ್ಪ ಏನು ಮಾಡಿಯಾನು? ಹುಟ್ಟಿದಾಗಿನಿಂದ ಉಗುಳಿಯೇ ಗೊತ್ತಿದ್ದ ಸಿಟ್ಟನ್ನು ಆ ದಿನ ಮೊದಲ ಬಾರಿಗೆ ನುಂಗಿದ. ಬಾನೆಟ್ಟನ್ನು ಗುಡ್ಡ ನಡುಗುವ ಹಾಗೆ ಬಡಿದು ಮುಚ್ಚಿದ.

ಡೊಂಬಿವಲಿಯಲ್ಲಿ ಬೀಗರೆಲ್ಲ ಮಾಳಿಗೆಗೆ ಹೋದರು. ಮೆಟ್ಟಿಲಿನ ಬುಡದಲ್ಲಿ ನಿಂತ ಅವನಿಗೆ ನಳಿನಾಕ್ಷಿಯೇ ಅವಲಕ್ಕಿ, ಚಹಾ ತಂದಳು. ಜರಿ ಸೀರೆ, ಕಣ್ಣಲ್ಲಿ ನೀರು.

"ಕಾಕಾ, ಗಾಡಿಯ ವಿಷಯ ಅಪ್ಪ ಅಮ್ಮನಿಗೆ ಹೇಳಿದ್ರು, ಅಮ್ಮ ನನಗೆ ಹೇಳಿದ್ಲು. ನಾನೇ ಹೋಗಿ ಅವರಿಗೆ ಹೇಳಿಬಿಡ್ತೇನೆ. ಈ ಸಂಬಂಧ ಹೋದ್ರೆ ಹೋಗಲಿ."

"ಏ ಹುಚ್ಚಿ! ನಿನಗೇನು ಸಂಬಂಧ ಇದಕ್ಕ? ಮಾತು ಕೊಟ್ಟಾಂವ ನಿಮ್ಮಪ್ಪ, ಅವನ ಬಾಯಿಂದ ಬರಬೇಕು. ನಿನ್ನ ಬಾಯಿಂದ ಬಂದ್ರ ನಾ ಈ ಮನೀ ಹೊಸ್ತಿಲ ತುಳಿಯಂಗಿಲ್ಲ. ಹೋಗು, ಕಣ್ಣು ಒರಸ್ಕೋ, ಕಾಡಿಗಿ ಹರದೈತಿ."

ಸಂಬಂಧ ಒಪ್ಪಿಗೆಯಾಯಿತು. ವಾಪಸು ಚೆಂಬೂರಿನಲ್ಲಿ ಇಳಿಯುವಾಗ ಹೆಗ್ಡೆ ಐದು ರೂಪಾಯಿಯ ನೋಟು ಮುಂದೆ ಚಾಚಿದ. "ತಗೋ, ಚಹಾ ಕುಡಿ."

"ಬ್ಯಾಡ್ರಿ" ಎಂದು ವಿರುಪಾಕ್ಷಪ್ಪ ಶೆಟ್ಟಿಯ ಕಡೆ ತಿರುಗಿದ. "ನಮ್ಮ ಸಾವ್ಕಾರ ನನಗ ಏನೂ ಕಡಿಮಿ ಮಾಡಿಲ್ಲ. ಹೌದಲ್ರಿ ಸಾವ್ಕಾರ?"

ಶೆಟ್ಟಿಗೆ ಕೆಮ್ಮು ಬಂತು.

ಮದುವೆ ಡಿಸೆಂಬರಿನಲ್ಲಿ, ಹುಡುಗ ಮತ್ತೆ ರಜೆ ಹಾಕಿ ಬಂದಾಗ, ಠಾಣೆಯಲ್ಲಿ. ಮದುಮಗನನ್ನು ಕರೆತಂದದ್ದೂ ಅದೇ ಜೀಪು, ಅವನೇ. ಅದಾದ ಮೇಲೆ ಕೊಳೆ ಬಟ್ಟೆ ಬದಲಿಸಿ, ಜರಿ ರುಮಾಲು ಸುತ್ತಿ, ಪಾರವ್ವನ ಜೊತೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ. ಶೆಟ್ಟಿ ಎದುರಿನಿಂದ ಹತ್ತು ಸಲ ಹಾದು ಹೋದ. ಧಾರೆ ಆಗಲಿ ಅಂದ. ಧಾರೆ ಆಯಿತು. ಊಟ ಆಗಲಿ ಅಂದ. ಊಟವೂ ಆಯಿತು. ಆಗ ಹೆಗ್ಡೆ ತಾಂಬೂಲ ಅಗಿಯುತ್ತ ಬಂದು, ಮುಂದಿನ ಸಾಲಿನಲ್ಲಿ ಕೂತವನ ಭುಜ ತಟ್ಟಿದ.

"ಏ ಡ್ರೈವರ್, ಇಲ್ಲಿ ಯಾಕೆ ಕೂತಿದ್ದೀ? ಗಾಡಿ ಬಾಗಿಲಿಗೆ ತಗೊಂಡು ಬಾ, ಹುಡುಗಿ ಹೊರಡುವ ಹೊತ್ತಾಯ್ತು."

ಪಾರವ್ವ ಎದ್ದು ನಿಂತಳು. "ಯಾರ್ರೀ ಡ್ರೈವರ? ಯಾರಿಗಂತೀರಿ?"

"ಪಾರೂ, ಕುಂದ್ರು."

"ಏನ್ ಕುಂದ್ರು? ನೀವು..."

"ಕುಂದ್ರಂದ್ರ ಕುಂದ್ರು!" ವಿರುಪಾಕ್ಷಪ್ಪ ಅವಳ ಸೆರಗು ಹಿಡಿದು ಎಳೆದು ಕೂರಿಸಿದ. ಹತ್ತಿರದಲ್ಲೇ ನಳಿನಾಕ್ಷಿ ಅತ್ತೆಯ ಪಕ್ಕ ನಿಂತು ಇವನನ್ನೇ ನೋಡುತ್ತಿದ್ದಳು. ಶೆಟ್ಟಿ ಕಂಬದ ಆಚೆ ನಿಂತು ಯಾರಿಗೋ ಕೈಮುಗಿಯುತ್ತಿದ್ದ. ಈ ಕಡೆ ತಿರುಗಲೇ ಇಲ್ಲ. ವಿರುಪಾಕ್ಷಪ್ಪ ಎದ್ದು ಹೋಗಿ ಗಾಡಿ ತಂದ. ಆ ರಾತ್ರಿ ಮನೆಗೆ ಹೋದ ಮೇಲೆ ಪಾರವ್ವ ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಮಾತಾಡಿದಳು: "ರಾಣಿ ಹಂಗ ಕುಂದ್ರಸ್ತೀನಿ ಅಂದಿದ್ರಿ. ಡ್ರೈವರನ ಹೆಂಡ್ತಿ ಮಾಡಿದ್ರಿ."

ಇನ್ನು ಮುಂದೆ ಚಕ್ರವೇ ಬೇಡ ಎಂದು ಅವನು ಒಬ್ಬ ಡ್ರೈವರನನ್ನು ಇಟ್ಟ. ದೂರದ ಸಂಬಂಧಿ ಬಾಳಪ್ಪ. ತಾನು ಹಿಂದೆ ಕಾಲು ಚಾಚಿ ಕೂತ. ಅಲ್ಲಿಂದ ಹಳದಿ ದೀಪ ಕಾಣುವುದಿಲ್ಲ, ಬಸವಣ್ಣ ಕಾಣುವುದಿಲ್ಲ, ಬಾಳಪ್ಪನ ಎಣ್ಣೆ ಸುರಿಯುವ ಕುತ್ತಿಗೆ ಒಂದೇ ಕಾಣುತ್ತದೆ. ಬಾಳಪ್ಪ ಗೇರು ಹಾಕಿದಾಗಲೆಲ್ಲ ಅವನ ಹಲ್ಲು ಕಟಕಟ ಅನ್ನುತ್ತಿತ್ತು. "ಲೇ, ಅದು ಗೇರೋ, ಕೊಡ್ಲಿಯಿಂದ ಕಟ್ಟಿಗಿ ಸೀಳಾಕ ಹತ್ತೀಯೋ?" ವಾರ ತುಂಬುವ ಮೊದಲು ಬಾಳಪ್ಪನನ್ನು ಶೀಳ ಫಾಟಾದ ನಡುರಸ್ತೆಯಲ್ಲಿ ಇಳಿಸಿ ಬಂದ. ಕಿಸೆಯಿಂದ ದುಡ್ಡು ತೆತ್ತು ಮಾಡಿಸಿದ ಆ ಸುಖವೆಲ್ಲ ಹಿಂದಿನ ಸೀಟಿನಲ್ಲಿತ್ತು, ಅವನ ಜೀವ ಮುಂದಿನ ಸೀಟಿನಲ್ಲಿತ್ತು. ಎಲ್ಲಿ ಕೂತರೂ ಶೆಟ್ಟಿಯ ಮಾತು ನೆನಪಾಗುತ್ತಿತ್ತು.

ಶೆಟ್ಟಿಯ ಹೋಟೆಲಿಗೆ ಮಾಲು ಹಾಕುವುದನ್ನು ನಿಲ್ಲಿಸಿದ. ಡೊಂಬಿವಲಿಗೆ ಹೋದರೆ ಹೋಟೆಲಿನ ಮುಂದೆ ನಿಂತು, ಒಳಗಿನ ಗಿರಾಕಿಗಳ ಕೈಯ ಇಡ್ಲಿ ಜಾರುವ ಹಾಗೆ ಹಾರ್ನ್ ಒತ್ತಿ ಹೋಗುತ್ತಿದ್ದ. ಶೆಟ್ಟಿ ಗಲ್ಲೆಯಿಂದ ಎದ್ದು ಕೈಮುಗಿಯುತ್ತಿದ್ದ, ಅಷ್ಟೇ.

ಎಂಬತ್ತಮೂರರಲ್ಲಿ ಜಯಶೀಲ ಹೆಗ್ಡೆ ತಾನಾಗಿ ಕಲ್ಯಾಣದ ಅಂಗಡಿಗೆ ಬಂದ. ಬಾಗಿಲಲ್ಲಿ ಜೀಪು, ಗಾದಿಯ ಮೇಲೆ ವಿರುಪಾಕ್ಷಪ್ಪ.

"ಇಲ್ಲೇ ಇದ್ದೀಯಾ! ಡೊಂಬಿವಲಿಯಲ್ಲಿ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇಲ್ಲ, ಕಲ್ಯಾಣದಲ್ಲಿ ಜೋಳದ ವ್ಯಾಪಾರಿಯ ಹತ್ತಿರ ಇಟ್ಟಿದ್ದೇನೆ ಅಂತ ನಿಮ್ಮ ಶೆಟ್ರು ಹೇಳಿದ್ರು. ನಿನ್ನ ಹತ್ತಿರವೇ ಮಾತಾಡುವ ಅಂತ ಬಂದೆ. ನಾನು ಹೊಸ ಕಾರು ತಗೊಂಡೆ. ಚೆಂಬೂರಿಗೆ ಬಾ. ಶೆಟ್ರು ಕೊಡುವುದಕ್ಕಿಂತ ಜಾಸ್ತಿ ಕೊಡ್ತೇನೆ."

ನಳಿನಾಕ್ಷಿಗೆ ಆಗ ಗಂಡು ಮಗು, ಮಸ್ಕತ್ತಿನಲ್ಲಿ ಸುಖವಾಗಿದ್ದಳು. ಇನ್ನು ಯಾರ ಬಾಳು ಹಾಳಾಗುವುದೂ ಇರಲಿಲ್ಲ. ಐದು ವರ್ಷ ನುಂಗಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು. "ಕೇಳ್ರಿ ಹೆಗ್ಡೇರ! ಆ ಜೋಳದ ವ್ಯಾಪಾರಿ ನಾನ! ಈ ಅಂಗಡಿ ನಂದು, ಈ ಗಾಡಿ ನಂದು, ನೀವು ಕುಂತ ಸೀಟು ನಂದು! ಆ ಶೆಟ್ಟಿದು ಅದರಾಗ ಒಂದು ಸ್ಕ್ರೂ ಇಲ್ಲ!" ಮಾರ್ಕೆಟ್ಟಿನ ಅರ್ಧ ಜನ ಸೇರಿದರು.

ಹೆಗ್ಡೆ ಸಿಟ್ಟಾಗಲಿಲ್ಲ. ಮಗುವಿನ ತುಂಟತನ ನೋಡಿದವನ ಹಾಗೆ ನಕ್ಕ. "ಶೆಟ್ರು ಮೊದಲೇ ಹೇಳಿದ್ದಾರೆ ಮಾರಾಯ. ಗಾಡಿ ತನ್ನದೇ ಅಂತ ಹೇಳಿಕೊಂಡು ತಿರುಗ್ತಾನೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ. ಇರಲಿ, ಗಾಡಿಯ ಮೇಲೆ ಅಷ್ಟು ಪ್ರೀತಿ ಇರುವ ಡ್ರೈವರ್ ಈ ಕಾಲದಲ್ಲಿ ಸಿಗುವುದಿಲ್ಲ. ಯೋಚನೆ ಮಾಡು."

ಕಾಗದ ತೋರಿಸಬಹುದಿತ್ತು. ಗಾಡಿಯ ಕಾಗದ ಅಂಗಡಿಯಲ್ಲೇ ಇತ್ತು. ಕಾಗದ ತೋರಿಸುವುದು ಪೊಲೀಸರಿಗೆ. ಮಗಳನ್ನು ಕೊಟ್ಟ ಮನೆಯವರ ಮುಂದೆ ಕಾಗದ ಹಿಡಿದು ನಿಂತರೆ ಅವನು ಯಜಮಾನನೇ? ಶೆಟ್ಟಿ ಕಸಿದದ್ದನ್ನು ಶೆಟ್ಟಿಯ ಬಾಯಿಯೇ ವಾಪಸು ಕೊಡಬೇಕು.

ಅದೇ ಮಧ್ಯಾಹ್ನ ಡೊಂಬಿವಲಿಗೆ ನುಗ್ಗಿದ. ಗಲ್ಲೆಯ ಮೇಲಿನ ಬಡೇಸೋಪಿನ ತಟ್ಟೆ ಎತ್ತಿ ನೆಲಕ್ಕೆ ಬಡಿದ. "ಶೆಟ್ಟಿ! ಸುಳ್ಳು ಹೇಳಿದ್ದು ಸಾಲಲಿಲ್ಲಂತ ನನ್ನ ಹುಚ್ಚ ಮಾಡಿದೇನು?"

ಶೆಟ್ಟಿ ಗಿರಾಕಿಗಳ ಎದುರೇ ಕೈಮುಗಿದ. "ಹೇಳ್ಬೇಕು ಅಂತಲೇ ಉಂಟು ವಿರುಪಾಕ್ಷಪ್ಪನವರೇ. ಆವತ್ತು ಹೇಳಿದ್ರೆ ಸುಲಭ ಇತ್ತು. ಈಗ ಅಳಿಯನ ಮುಖ ನೋಡಿ ಹೇಗೆ ಹೇಳ್ಲಿ? ಸುಳ್ಳು ಹಳತಾದಷ್ಟು ಗಟ್ಟಿಯಾಗ್ತದೆ ಮಾರಾಯ್ರೆ. ಮುಂದಿನ ಸಲ ಮುರಾರಿ ಬರ್ಲಿ, ಹೆಗ್ಡೆಯವರನ್ನೂ ಕರೆಸ್ತೇನೆ. ಖಂಡಿತ."

ಮುರಾರಿ ಬಂದ, ಹೋದ. ಎರಡನೇ ಮಗುವಿಗೆ ಹೆಸರಿಟ್ಟರು. ಆಗಲೂ ಖಂಡಿತ, ಮತ್ತೊಮ್ಮೆ ಖಂಡಿತ.

ಎಂಬತ್ತಾರರ ಮಳೆ ನಿಂತ ಮೇಲೆ, ಒಂದು ಬೆಳಿಗ್ಗೆ ಅಂಗಡಿಯ ಪಕ್ಕದ ಔಷಧದಂಗಡಿಗೆ ಫೋನು ಬಂತು. ಶೆಟ್ಟಿಯ ಹೆಂಡತಿ ಸುಂದರಿ. "ಅಣ್ಣಾ, ಇವರು ಹೋದರು. ಠಾಣೆಯ ಆಸ್ಪತ್ರೆಯಲ್ಲಿದ್ದೇವೆ. ನಿಮ್ಮ ಗಾಡಿಯಲ್ಲೇ ಮನೆಗೆ ತರಬೇಕು. ಇಲ್ಲ ಅನ್ನಬೇಡಿ." ನಿಮ್ಮ ಗಾಡಿ ಅಂದಳು ಆ ತಾಯಿ. ಕೇಳಿಸಿಕೊಂಡವನು ಅವನೊಬ್ಬನೇ.

ಬೈಯುತ್ತಲೇ ಹಿಂದಿನ ಸೀಟು ಬಿಚ್ಚಿ ಕೆಳಗಿಟ್ಟ. ಪಾರವ್ವ ಬಿಳಿ ಹಾಸು ತಂದುಕೊಟ್ಟಳು. ಠಾಣೆಯಲ್ಲಿ ಶೆಟ್ಟಿಯನ್ನು ಎತ್ತಿ ಒಳಗೆ ಮಲಗಿಸುವಾಗ ತಲೆಯ ಕಡೆ ಹಿಡಿದವನು ಅವನೇ. ಬಾಯಿಯನ್ನು ಬಟ್ಟೆಯಿಂದ ಕಟ್ಟಿದ್ದರು. ಆ ಬಾಯಿಯನ್ನೇ ಒಂದು ಗಳಿಗೆ ನೋಡಿ, ಬಾಗಿಲು ಹಾಕಿದ.

ಮುಂದಿನ ಸೀಟಿಗೆ ಹೆಗ್ಡೆ ಹತ್ತಿದ. ಮುದುಕನಾಗಿದ್ದ, ಅಳುತ್ತಿದ್ದ. ಸುಂದರಿ ಹಿಂದೆ ಗಂಡನ ಪಕ್ಕ ಕೂತಳು. ಗಾಡಿ ಮುಂಬ್ರಾದ ಕಡೆ ತಿರುಗಿದಾಗ ಹೆಗ್ಡೆ ಮೂಗು ಒರೆಸಿಕೊಂಡು ಅಂದ:

"ಹೊಂಡ ನೋಡಿ ಓಡಿಸು. ನಿನ್ನ ಧಣಿಯ ಕೊನೆಯ ಸವಾರಿ."

"ಧಣಿ ಅಲ್ರಿ ಅಂವ" ವಿರುಪಾಕ್ಷಪ್ಪ ಚಕ್ರವನ್ನು ಮುರಿಯುವ ಹಾಗೆ ಹಿಡಿದಿದ್ದ. "ನನಗ ಬಾಕಿ ಇಟ್ಟು ಹೋದಾಂವ."

ಹೆಗ್ಡೆ ತಿರುಗಿ ನೋಡಿದ. ದನಿ ಮೆತ್ತಗಾಯಿತು. "ಪಗಾರ ಬಾಕಿಯಾ? ಎಷ್ಟು ತಿಂಗಳದ್ದು ಹೇಳು ಮಾರಾಯ. ಉತ್ತರಕ್ರಿಯೆ ಮುಗಿಯಲಿ, ಶೆಟ್ರ ಹೆಸರಿಗೆ ಕಳಂಕ ಬೇಡ. ನಾನೇ ಕೊಟ್ಟು ಮುಗಿಸ್ತೇನೆ."

ಹಿಂದೆ ಸುಂದರಿ ಬಿಕ್ಕುವುದನ್ನು ನಿಲ್ಲಿಸಿದಳು. ಅವಳು ಈಗ ಬಾಯಿ ಬಿಡುತ್ತಾಳೋ ಎಂದು ಒಂದು ಫರ್ಲಾಂಗಿನಷ್ಟು ದೂರ ವಿರುಪಾಕ್ಷಪ್ಪ ಕಾದ. ಅವಳು ಬಿಡಲಿಲ್ಲ, ಗಂಡನ ಹೆಣ ತೊಡೆಯ ಪಕ್ಕದಲ್ಲಿರುವಾಗ ಯಾವ ಹೆಂಗಸು ಬಿಟ್ಟಾಳು?

"ನೀವು ಕೊಡಾಕ ಬರಂಗಿಲ್ರಿ" ಅಂದ ವಿರುಪಾಕ್ಷಪ್ಪ. ಗೇರು ಬದಲಿಸಿದ.